ರೆಕ್ಕೆ ತುದಿಯ ಆ ಚುಕ್ಕೆಗಾಗಿ

ನೀರಿನ ಪಕ್ಕ ಕೂತು ಏರೋಪ್ಲೇನ್ ಚಿಟ್ಟೆಯ ಚಿತ್ರ ಬಿಡಿಸುತ್ತಿದ್ದೆ. ನಾಲ್ಕೂ ರೆಕ್ಕೆಗಳನ್ನು ಒಂದೇ ಅಳತೆಗೆ ಬರೆದಿದ್ದೆ. ನೀವು ಬಂದು, “ಹಿಂದಿನ ಜೋಡಿ ಬುಡದಲ್ಲಿ ಅಗಲ ಇರುತ್ತೆ, ನೋಡಿ” ಎಂದು ನಿಮ್ಮ ಭೂತಗನ್ನಡಿಯನ್ನೇ ಕೈಗಿಟ್ಟಿರಿ. ಆಮೇಲೆ ತೋರಿಸಿದ್ದು ಪ್ರತಿ ರೆಕ್ಕೆಯ ತುದಿಯ ಹತ್ತಿರ, ಮುಂದಿನ ಅಂಚಿನಲ್ಲಿದ್ದ ಗಾಢ ಬಣ್ಣದ ಚುಕ್ಕೆ. ಬರೀ ಅಲಂಕಾರ ಅಂದುಕೊಂಡು ನಾನದನ್ನು ಬಿಟ್ಟೇಬಿಟ್ಟಿದ್ದೆ. ಅದು ಸುಮ್ನೆ ಬಣ್ಣವಲ್ಲ, ಒಂದು ಪುಟ್ಟ ತೂಕ; ರೆಕ್ಕೆ ಬಡಿಯದೆ ತೇಲುವಾಗ ಅದುರಾಟ ತಡೆಯುತ್ತದೆ ಎಂದಿರಿ. ಎಂಥ ಚೆಂದದ ಏರ್ಪಾಡು, ಅಲ್ವಾ!

ಆ ಚುಕ್ಕೆ ಇಟ್ಟ ಮೇಲೆ ಚಿತ್ರಕ್ಕೆ ಜೀವ ಬಂತು. ಈಗ ಬಣ್ಣ ಹಚ್ಚುವುದಕ್ಕಿಂತ ನೋಡುವುದಕ್ಕೇ ಜಾಸ್ತಿ ಹೊತ್ತು ಕೊಡುತ್ತೇನೆ. ಹೆಸರು ಕೇಳುವಷ್ಟರಲ್ಲಿ ನೀವು ಹೊರಟಿದ್ದಿರಿ. ಮನಸಾರೆ ಧನ್ಯವಾದ. ಆ ಚಿತ್ರ ನನ್ನ ಮೇಜಿನ ಎದುರಿಗೇ ಇದೆ.