ಚಪ್ಪಾಳೆ ಹೊಡೆದು ಕೂರಿಸಿದರಂತೆ

ಪ್ರೀತಿಯ ತಮ್ಮಾ,

ನಿನ್ನ ಪತ್ರ ಬಂತು. ಕಾಲೇಜಿನ ಕಾರ್ಯಕ್ರಮದಲ್ಲಿ ನೀನು ಪದ್ಯ ಓದುತ್ತಿದ್ದಾಗ ನಡುವೆಯೇ ಚಪ್ಪಾಳೆ ಹೊಡೆದು ಕೂರಿಸಿಬಿಟ್ಟರಂತೆ. ಉದ್ದುದ್ದ ಭಾಷಣ ಬಿಗಿಯುವ ಅತಿಥಿಗಳಿಗೆ ನಮ್ಮ ಹುಡುಗರು ಕೊಡುವ ಮರ್ಯಾದೆ ಅದು. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದವೇ ಇದೆ, ಗೊತ್ತಾ? ಎಕ್ಸ್‌ಪ್ಲೋಡ್.

ತಮಾಷೆಯಲ್ಲ. ಲ್ಯಾಟಿನ್ನಿನಲ್ಲಿ ‘ಪ್ಲೌದೆರೆ’ ಅಂದರೆ ಚಪ್ಪಾಳೆ ತಟ್ಟುವುದು, ‘ಎಕ್ಸ್’ ಅಂದರೆ ಹೊರಗೆ. ಎರಡೂ ಸೇರಿ ‘ಎಕ್ಸ್‌ಪ್ಲೋದೆರೆ’ ಆಯಿತು. ನಟ ಹಿಡಿಸದಿದ್ದರೆ ಚಪ್ಪಾಳೆ ಹೊಡೆದೇ ರಂಗದಿಂದ ಓಡಿಸುವುದು. ಇಂಗ್ಲಿಷಿಗೆ ಬಂದಾಗಲೂ ಮೊದಲು ಇದ್ದದ್ದು ತಿರಸ್ಕರಿಸುವ ಅರ್ಥವೇ. ಬಾಂಬು ಸಿಡಿಯುವ ಅರ್ಥ ಬಳಕೆಗೆ ಬಂದದ್ದು ತಡವಾಗಿ, 18ನೇ ಶತಮಾನದ ಕೊನೆಯ ಹೊತ್ತಿಗೆ. ಚಪ್ಪಾಳೆ ತಟ್ಟಿ ಮೆಚ್ಚು ಅನ್ನುವ ಅರ್ಥದ ‘ಅಪ್ಲಾಡ್’ ಇದರ ಒಡಹುಟ್ಟು. ಪ್ಲಾಸಿಬಲ್ ಕೂಡ. ಅದಕ್ಕೆ ಮೊದಲಿದ್ದ ಅರ್ಥ ‘ಚಪ್ಪಾಳೆಗೆ ತಕ್ಕದ್ದು’, ಆಮೇಲೆ ‘ಕೇಳಿದರೆ ನಿಜ ಅನ್ನಿಸುವಂಥದ್ದು’ ಆಯಿತು. ನಮ್ಮ ರಾಜಕಾರಣಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ ಬಿಡು.

ರೋಮಿನ ಜನ ಎಷ್ಟು ಕಟ್ಟುನಿಟ್ಟು ಅಂತೀಯ! ನಟ ಸ್ವಲ್ಪ ತಾಳ ತಪ್ಪಿದರೂ, ಸಾಲಿನಲ್ಲಿ ಒಂದೇ ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ಸಿಳ್ಳೆ ಹೊಡೆದು, ಚಪ್ಪಾಳೆ ತಟ್ಟಿ ಓಡಿಸುತ್ತಾರೆ ಅಂತ ಅಲ್ಲಿನ ವಾಗ್ಮಿ ಸಿಸೆರೊ ಬರೆದಿದ್ದಾನೆ. ನಿನ್ನ ಕಾಲೇಜಿನವರು ಪಾಪ, ಒಂದೆರಡು ಪುಟ ಕೇಳಿದ್ದಾರೆ.

ಆ ಕಾಲದಲ್ಲಿ ಅರ್ಬುಸ್ಕುಲಾ ಅಂತ ಒಬ್ಬ ನಟಿ ಇದ್ದಳು. ಅವಳಿಗೂ ಒಮ್ಮೆ ಹೀಗೇ ಆಯಿತು. ಅವಳು ಸೊಪ್ಪು ಹಾಕಲಿಲ್ಲ. ಶ್ರೀಮಂತ ಈಕ್ವಿಟ್ ವರ್ಗದವರು ಮೆಚ್ಚಿದರೆ ನನಗೆ ಸಾಕು ಅಂದುಬಿಟ್ಟಳು. ಕ್ರಿ.ಪೂ. 67ರ ಕಾನೂನಿನ ಪ್ರಕಾರ ರಂಗಮಂದಿರದ 14 ಸಾಲುಗಳು ಅವರಿಗೇ ಮೀಸಲಾಗಿದ್ದವು. ಕವಿ ಹೊರೇಸ್ ತನ್ನ ಒಂದು ವಿಡಂಬನೆ ಪದ್ಯದಲ್ಲಿ ಅವಳ ಮಾತನ್ನು ಖುಷಿಯಿಂದ ನೆನೆಯುತ್ತಾನೆ. ತನಗೂ ಕೆಲವೇ ಓದುಗರು ಸಾಕು ಅನ್ನುತ್ತಾನೆ.

ಇಷ್ಟೇ ಹೇಳಿದರೆ ನೀನು ಇವತ್ತೇ ಅರ್ಬುಸ್ಕುಲಾಳ ತಮ್ಮ ಆಗಿಬಿಡುತ್ತೀಯ. ‘ಅವರಿಗೆ ಅರ್ಥ ಆಗಲ್ಲ’ ಅಂತ ಆಗಲೇ ಬರೆದಿದ್ದೀಯಲ್ಲ! ಅದೇ ಪದ್ಯದಲ್ಲಿ, ನಾಲ್ಕೈದು ಸಾಲು ಮೊದಲು, ಹೊರೇಸ್ ಇನ್ನೊಂದು ಮಾತು ಹೇಳುತ್ತಾನೆ: ಕಂಟವನ್ನು, ಅಂದರೆ ಬರೆಯುವ ಕಡ್ಡಿಯನ್ನು, ಆಗಾಗ ತಿರುಗಿಸು. ಆಗ ಮೇಣ ಬಳಿದ ಹಲಗೆಯ ಮೇಲೆ ಬರೆಯುತ್ತಿದ್ದರು. ಕಂಟದ ಒಂದು ತುದಿ ಚೂಪು, ಅಕ್ಷರ ಕೊರೆಯುವುದಕ್ಕೆ. ಇನ್ನೊಂದು ಚಪ್ಪಟೆ, ಮೇಣವನ್ನು ಸವರಿ ಅಳಿಸುವುದಕ್ಕೆ. ಎರಡನೇ ಸಲ ಓದುವಂಥದ್ದು ಬರೆಯಬೇಕಾದರೆ ಅಳಿಸುವ ತುದಿಗೂ ಕೆಲಸ ಕೊಡು ಅನ್ನುವುದು ಅವನ ಮಾತು. ಕೆಲವರ ಮೆಚ್ಚುಗೆ ಸಾಕು ಅನ್ನುವ ಹಕ್ಕು ಅದಾದ ಮೇಲೆ ಬರುತ್ತದೆ.

ನಿನ್ನ ಪದ್ಯದಲ್ಲಿ ಅಜ್ಜಿ ಅಡಕೆ ಸುಲಿಯುವ ಭಾಗ ಚೆನ್ನಾಗಿದೆ, ಮುಟ್ಟಬೇಡ. ಅದಕ್ಕೆ ಮುಂಚಿನ ಎರಡು ಪುಟ ಸುಮ್ನೆ ಪೀಠಿಕೆ. ಚಪ್ಪಾಳೆ ಶುರುವಾದದ್ದು ಅಲ್ಲೇ ಇರಬೇಕು, ಅಲ್ವಾ? ಅದನ್ನು ತೆಗೆದು ಕಳಿಸು. ಈ ಸಲ ಕೈಬರಹ ಬೇಡ, ಟೈಪ್ ಮಾಡು.

ನಿನ್ನ,
ಅಣ್ಣ