ತಿಪ್ಪೆಯ ಮೇಲೆ ಸಿಕ್ಕಿದವನಿಗೆ

ಪ್ರೀತಿಯ ತಿಪ್ಪೇಶ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೊ ನೋಡಿದೆ. ಮಗಳ ಶಾಲೆಯ ನೋಟ್‌ಬುಕ್ಕಿನ ಹಾಳೆ. ಒಂದು ಕಡೆ ಮನೆಯವರ ಹೆಸರು, ಎದುರಿಗೆ ಅವುಗಳ ಅರ್ಥ. ಅಮ್ಮ, ಸವಿತಾ: ಸೂರ್ಯ. ತಾತ, ಚಂದ್ರಶೇಖರ: ಚಂದ್ರನನ್ನು ಮುಡಿದವನು. ತಾನು, ಸಿಂಚನ: ನೀರು ಚಿಮುಕಿಸುವುದು. ಅಪ್ಪ, ತಿಪ್ಪೇಶ: ಅಲ್ಲಿ ಪೆನ್ಸಿಲ್ಲಿನಲ್ಲಿ ಏನೋ ಬರೆದು ರಬ್ಬರಿನಿಂದ ಉಜ್ಜಿದ ಗುರುತು. ಫೋಟೊ ಹಿಗ್ಗಿಸಿ ನೋಡಿದೆ. ‘ಕಸದ’ ಎನ್ನುವಷ್ಟು ಓದಲು ಬಂತು.

ಅದರ ಕೆಳಗೆ ನಿನ್ನದೊಂದು ಸಾಲು: ‘ಇವಳಿಗೆ ಏನು ಹೇಳಲಿ? ಹೆಸರನ್ನೇ ಬದಲಾಯಿಸಿಬಿಡಲೇ?’

ಕಚೇರಿಯಲ್ಲಿ ಎಲ್ಲರೂ ನಿನ್ನನ್ನು ‘ಟಿಪ್ಸ್’ ಎಂದು ಕರೆಯುತ್ತಾರೆ, ನೀನು ಓಗೊಡುತ್ತೀಯ. ಅದಕ್ಕಿಲ್ಲದ ನಾಚಿಕೆ ತಿಪ್ಪೆಗೇಕೆ ಮಾರಾಯ? ಇರಲಿ, ಬೈಯಲು ಬರೆಯುತ್ತಿಲ್ಲ. ಸೋಮವಾರ ಆ ನೋಟ್‌ಬುಕ್ ಕೊಡಬೇಕೆಂದಿದ್ದೀಯ. ಅಷ್ಟರಲ್ಲಿ ಈ ಪತ್ರವನ್ನು ನೀನೂ ಓದು, ಅವಳಿಗೂ ಓದಿ ಹೇಳು.

ಮೊದಲಿಗೆ, ತಿಪ್ಪೆ ಎಂದರೆ ಕಸದ ತೊಟ್ಟಿಯಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಮಗು, ಅವಳಿಗೆ ಗೊತ್ತಾಗದಿರುವುದು ಸಹಜ. ನಿನಗೆ ಮರೆತುಹೋಯಿತೇ? ಕೊಟ್ಟಿಗೆಯ ಸಗಣಿ, ದನ ತಿಂದು ಬಿಟ್ಟ ಸಪ್ಪೆ, ಒಲೆಯ ಬೂದಿ, ಎಲ್ಲ ಸೇರಿ ವರ್ಷವಿಡೀ ಕೊಳೆತು, ಮುಂಗಾರಿಗೆ ಮೊದಲು ಗಾಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಹೆಣ್ಣು ಕೊಡಲು ಬಂದವರು ಮನೆಗಿಂತ ಮೊದಲು ತಿಪ್ಪೆ ನೋಡುತ್ತಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ತಿಪ್ಪೆ ಎಷ್ಟು ದೊಡ್ಡದೋ ಅಷ್ಟು ದನ, ಅಷ್ಟು ಹೊಲ. ದೀಪಾವಳಿಯಲ್ಲಿ ದೇವರ ಮನೆಗೆ, ಹೊಸ್ತಿಲಿಗೆ, ಕೊಟ್ಟಿಗೆಗೆ ದೀಪ ಇಟ್ಟಮೇಲೆ ತಿಪ್ಪೆಗೂ ಒಂದು ಹಣತೆ ಇಟ್ಟು ಬಾ ಎಂದು ನಮ್ಮನ್ನೇ ಕಳಿಸುತ್ತಿದ್ದರಲ್ಲ. ಗಾಳಿಗೆ ಆರಿಹೋದರೆ ನೀನು ಮತ್ತೆ ಹಚ್ಚುತ್ತಿದ್ದೆ, ನಾನು ಓಡಿಬರುತ್ತಿದ್ದೆ.

ಇನ್ನು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಚಳ್ಳಕೆರೆ ಸೀಮೆಯಲ್ಲಿ ಹುಟ್ಟಿದವನಿಗೆ ಈ ಹೆಸರನ್ನು ವಿವರಿಸಬೇಕೇ? ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ, ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದ ಸ್ವಾಮಿ. ನಮ್ಮ ತರಗತಿಯ ಹಾಜರಿಯಲ್ಲಿ ನೀನೊಬ್ಬನೇ ಇರಲಿಲ್ಲ. ಒಬ್ಬ ತಿಪ್ಪೇಸ್ವಾಮಿ, ಒಬ್ಬ ತಿಪ್ಪೇರುದ್ರಪ್ಪ, ಇಬ್ಬರು ತಿಪ್ಪಮ್ಮಂದಿರು ಇದ್ದರು. ಮಗಳು ಅಷ್ಟು ಬರೆದರೂ ಶಿಕ್ಷಕರು ಸರಿ ಗುರುತು ಹಾಕುತ್ತಾರೆ. ಆದರೆ ನಿನ್ನ ಹೆಸರು ಬಂದದ್ದು ಬರೀ ಹರಕೆಯಿಂದಲ್ಲ. ಅದು ನಿನಗೂ ಗೊತ್ತು. ರಬ್ಬರು ಉಜ್ಜಿದ್ದು ಮಗಳೋ ನೀನೋ ಎಂಬ ಅನುಮಾನ ನನಗಿದೆ.

ನಿನಗಿಂತ ಮೊದಲು ನಿಮ್ಮವ್ವನಿಗೆ ಎರಡು ಮಕ್ಕಳಾಗಿ ಎರಡೂ ಉಳಿಯಲಿಲ್ಲ. ಮೂರನೆಯವನು ನೀನು. ಹುಟ್ಟಿದ ಐದನೆಯ ದಿನ ನಿನ್ನನ್ನು ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು, ನಿಮ್ಮವ್ವ ತಿರುಗಿಯೂ ನೋಡದೆ ಒಳಗೆ ಹೋದಳಂತೆ. ಎದುರುಮನೆಯ ನಮ್ಮ ಅಜ್ಜಿ ಅದೇ ದಾರಿಯಲ್ಲಿ ಹೊರಟವಳಂತೆ ಬಂದು, ‘ಯಾರದೋ ಕೂಸು, ಯಾರಿಗೂ ಬೇಡವಾಗಿ ಬಿದ್ದಿದೆ’ ಎಂದು ಗಟ್ಟಿಯಾಗಿ ಹೇಳಿ ಎತ್ತಿಕೊಂಡಳು. ಗಟ್ಟಿಯಾಗಿಯೇ ಹೇಳಬೇಕು, ಕೇಳಿಸಬೇಕಾದವರಿಗೆ ಕೇಳಿಸಬೇಕಲ್ಲ! ಆಮೇಲೆ ನಿಮ್ಮವ್ವ ಒಂದು ಸೇರು ರಾಗಿ ಕೊಟ್ಟು ತನ್ನ ಮಗನನ್ನೇ ಕೊಂಡುಕೊಂಡಳು. ಸಾವು ಅಂಗಳದಲ್ಲಿ ನಿಂತು ನೋಡುತ್ತಿದೆ, ಅದಕ್ಕೆ ಒಳ್ಳೆಯದರ ಮೇಲೇ ಕಣ್ಣು, ಬೇಡದ ವಸ್ತು ಎಂದರೆ ಮುಂದಿನ ಮನೆಗೆ ಹೋಗುತ್ತದೆ ಎಂಬ ಲೆಕ್ಕ. ನಿನ್ನ ಹೆಸರು ಹೀಗೆ ಹೇಳಿದ ಸುಳ್ಳು.

ಈ ಲೆಕ್ಕ ನಮ್ಮ ಹಟ್ಟಿಯವರದು ಮಾತ್ರ ಎಂದುಕೊಂಡಿದ್ದೆ. ಗಡಿ ದಾಟಿ ರಾಯದುರ್ಗದ ಕಡೆ ಹೋದರೆ ಪೆಂಟಯ್ಯ ಸಿಗುತ್ತಾನೆ, ತೆಲುಗಿನಲ್ಲಿ ಪೆಂಟ ಎಂದರೂ ತಿಪ್ಪೆಯೇ. ತಮಿಳಿನಲ್ಲಿ ಕುಪ್ಪೈ ಎಂದರೆ ಕಸ, ಅದರಿಂದ ಕುಪ್ಪುಸಾಮಿ, ಕುಪ್ಪಮ್ಮಾಳ್. ಅಲ್ಲಿ ಕೂಸನ್ನು ತೌಡಿಗೆ ಮಾರಿ ತಂದ ಕತೆಗಳೂ ಉಂಟು. ಮರಾಠಿಯಲ್ಲಿ ಧೋಂಡೋ ಎಂದರೆ ಕಲ್ಲು. ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಆ ಕಲ್ಲಿನ ಹೆಸರು ಹೊತ್ತುಕೊಂಡೇ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು, ನೂರನೆಯ ವಯಸ್ಸಿನಲ್ಲಿ ಭಾರತರತ್ನ ಪಡೆದರು. ಯಾರೂ ಅವರಿಗೆ ಹೆಸರು ಬದಲಾಯಿಸಿಕೊಳ್ಳಿ ಎನ್ನಲಿಲ್ಲ.

ಜಪಾನಿನ ಕತೆಯಂತೂ ಓದಿದಾಗ ನಿನ್ನದೇ ನೆನಪಾಯಿತು. ಹದಿನಾರನೆಯ ಶತಮಾನದ ಕೊನೆಗೆ ಇಡೀ ಜಪಾನನ್ನು ಒಂದು ಮಾಡಿದ ತೊಯೊತೊಮಿ ಹಿದೆಯೋಶಿಗೆ ಐವತ್ತು ದಾಟಿದರೂ ವಾರಸುದಾರನಿರಲಿಲ್ಲ. 1589ರಲ್ಲಿ ಗಂಡುಮಗು ಹುಟ್ಟಿದಾಗ ಅದನ್ನು ‘ಸುತೆ’ ಎಂದು ಕರೆದ. ಅಂದರೆ ಎಸೆದದ್ದು. ಎಸೆದ ಮಗು ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆ ಅಲ್ಲಿಯೂ ಇತ್ತು. ಸಾವು ಮೋಸಹೋಗಲಿಲ್ಲ, ಮಗು 1591ರಲ್ಲಿ ತೀರಿಕೊಂಡಿತು. 1593ರಲ್ಲಿ ಮತ್ತೊಬ್ಬ ಮಗ ಹುಟ್ಟಿದ. ಈ ಸಲ ಹೆಸರಷ್ಟೇ ಸಾಲದೆಂದು ಕೂಸನ್ನು ಎಸೆಯುವ ಶಾಸ್ತ್ರವನ್ನೂ ಮಾಡಿದರು. ಆಪ್ತನೊಬ್ಬ ಅದನ್ನು ಎತ್ತಿಕೊಂಡು ತಂದ. ಹೆಸರು ‘ಹಿರೋಯಿ’, ಅಂದರೆ ಹೆಕ್ಕಿಕೊಂಡದ್ದು. ಮೊರ ಇತ್ತೋ ಇಲ್ಲವೋ, ಉಳಿದದ್ದೆಲ್ಲ ನಮ್ಮ ಓಣಿಯದೇ!

ಇನ್ನೂ ಒಂದು ಸಂಗತಿ ಇದೆ, ಅದು ನನಗೆ ಬಹಳ ಇಷ್ಟ. ಈ ಹೆಸರಿನ ಹಿಂದೆ ಮುಂದೆ ಗೌರವದ ಮಾತು ಸೇರಿಸಕೂಡದು, ಆಳುಕಾಳುಗಳು ಕೂಡ ಬರೀ ‘ಹಿರೋಯಿ’ ಎಂದೇ ಕೂಗಬೇಕು ಎಂದು ಹಿದೆಯೋಶಿ ಹೆಂಡತಿಗೆ ಕಾಗದ ಬರೆದು ತಾಕೀತು ಮಾಡಿದ. ಮರ್ಯಾದೆ ಕೊಟ್ಟರೆ ಗುಟ್ಟು ರಟ್ಟಾಗುತ್ತದಲ್ಲ. ಆಮೇಲೆ ಮಗುವಿಗೆ ತಾನೇ ಬರೆದ ಓಲೆಗಳಲ್ಲಿ ‘ಒ-ಹಿರೋಯಿ-ಸಮ’ ಎಂದು ಬರೆದ! ನಮ್ಮಲ್ಲಿ ‘ಶ್ರೀಮಾನ್ ತಿಪ್ಪೇಶಪ್ಪನವರ ಸನ್ನಿಧಿಗೆ’ ಎಂದು ಬರೆದ ಹಾಗೆ. ದೇಶ ಗೆದ್ದವನಿಗೆ ಮಗನ ಮುಂದೆ ಸುಳ್ಳನ್ನು ಉಳಿಸಿಕೊಳ್ಳಲು ಆಗಲಿಲ್ಲ. ಆ ಮಗ, ಹಿದೆಯೋರಿ, 1615ರಲ್ಲಿ ಒಸಾಕಾ ಕೋಟೆ ಬಿದ್ದಾಗ ಸತ್ತ. ಕಾಯಿಲೆಯನ್ನು ಏಮಾರಿಸಬಹುದೇನೋ, ಸೈನ್ಯವನ್ನು ಹೆಸರೊಂದರಿಂದ ಏಮಾರಿಸುವುದುಂಟೇ?

ಮಂಗೋಲಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ‘ನೆರ್ಗುಯಿ’ ಎಂಬ ಹೆಸರಿದೆ, ಹೆಸರಿಲ್ಲ ಎಂದು ಅರ್ಥ. ‘ಎನೆಬಿಶ್’ ಎಂದರೆ ಇದಲ್ಲ. ‘ಖುನ್‌ಬಿಶ್’ ಎಂದರೆ ಮನುಷ್ಯನೇ ಅಲ್ಲ. ಸಾವು ಬಂದು ಯಾರು ನೀನು ಎಂದು ಕೇಳಿದರೆ ಹೆಸರಿಲ್ಲ, ನಾನಲ್ಲ, ಮನುಷ್ಯನೇ ಅಲ್ಲ. ಅಲ್ಲಿನ ಶಾಲೆಯ ಹಾಜರಿ ಹೇಗಿರುತ್ತದೋ ನೀನೇ ಊಹಿಸಿಕೋ. ಪೂರ್ವ ಯೂರೋಪಿನ ಯಹೂದಿಗಳು ಕಾಯಿಲೆಯ ಮಗುವಿಗೆ ‘ಆಲ್ಟರ್’ ಎಂದು ಹೆಸರಿಡುತ್ತಿದ್ದರು, ಯಿಡ್ಡಿಷ್ ಭಾಷೆಯಲ್ಲಿ ಮುದುಕ. ಎಳೆಯ ಜೀವವನ್ನು ಹುಡುಕಿಕೊಂಡು ಬಂದ ಯಮದೂತನಿಗೆ ಮುದುಕ ಸಿಕ್ಕಿ ದಾರಿ ತಪ್ಪಲಿ ಎಂದು. ರಾಯಚೂರಿನ ಕಡೆಯ ಮುದುಕಪ್ಪಂದಿರ ಹೆಸರು ಅಜ್ಜನಿಂದ ಬಂದಿರಬಹುದು, ಆದರೂ ತೊಟ್ಟಿಲಲ್ಲಿ ಮುದುಕಪ್ಪ ಮಲಗಿದ್ದಾನೆ ಎಂದರೆ ನನಗೆ ಈಗ ಆಲ್ಟರ್ ನೆನಪಾಗುತ್ತಾನೆ.

ನೈಜೀರಿಯಾದ ಯೊರುಬಾ ಜನ ಸಾವಿಗೆ ಸುಳ್ಳು ಹೇಳುವ ಬದಲು ನೇರವಾಗಿ ಮಗುವಿನ ಜೊತೆಗೇ ಮಾತಾಡುತ್ತಾರೆ. ಒಂದೇ ಕೂಸು ಮತ್ತೆ ಮತ್ತೆ ಹುಟ್ಟಿ ಮತ್ತೆ ಮತ್ತೆ ಹೊರಟುಹೋಗುತ್ತದೆ ಎಂಬುದು ಅವರ ನಂಬಿಕೆ, ಅಂಥ ಕೂಸಿಗೆ ‘ಅಬಿಕು’ ಎನ್ನುತ್ತಾರೆ. ಅದಕ್ಕೆ ಇಡುವ ಹೆಸರುಗಳು ‘ಮಲೋಮೊ’, ಇನ್ನು ಹೋಗಬೇಡ. ‘ದುರೋಜಾಯೆ’, ಇಲ್ಲೇ ನಿಲ್ಲು, ಬಾಳಿನ ಸುಖ ನೋಡು. ‘ಕೊಸೊಕೊ’ ಎಂದರೆ ಗುದ್ದಲಿ ಇಲ್ಲ. ಗುಂಡಿ ತೋಡಲು ಮನೆಯಲ್ಲಿ ಗುದ್ದಲಿಯೇ ಇಲ್ಲ, ಆದ್ದರಿಂದ ನೀನು ಸಾಯುವ ಹಾಗಿಲ್ಲ. 1845ರಿಂದ 1851ರವರೆಗೆ ಲಾಗೋಸನ್ನು ಆಳಿದ ದೊರೆಯ ಹೆಸರು ಕೊಸೊಕೊ. ಪಕ್ಕದ ಇಗ್ಬೊ ಜನರಲ್ಲಿ ‘ಒನ್ವುಬಿಕೊ’ ಎಂಬ ಹೆಸರುಂಟು: ಸಾವೇ, ನಿನ್ನ ದಮ್ಮಯ್ಯ. ಅಲ್ಲಿ ಜಾಣತನವೆಲ್ಲ ಮುಗಿದು, ಬರೀ ಕೈಮುಗಿಯುವುದು ಉಳಿದಿದೆ.

ಎಲ್ಲ ಹೆಸರುಗಳೂ ಇಷ್ಟು ಭಾರವಾಗಿಲ್ಲ, ಬಿಡು. ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಹೆಸರು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅಟ್ಟಾ ಅನ್ನಾನ್ ಹುಟ್ಟಿದ್ದು ಶುಕ್ರವಾರ, ಅವಳಿಯಾಗಿ. ಕೋಫಿ ಎಂದರೆ ಶುಕ್ರವಾರದವನು, ಅಟ್ಟಾ ಎಂದರೆ ಅವಳಿ. ಮುಗಿಯಿತು. ನಿನ್ನ ಮಗಳ ನೋಟ್‌ಬುಕ್ಕಿಗೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಒಂದು ಮಾತು ಹೇಳದಿದ್ದರೆ ನಾನೂ ನಿನಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಬೇಡ ಎನ್ನುವ ಹೆಸರುಗಳೆಲ್ಲ ಪ್ರೀತಿಯಿಂದ ಬಂದವಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕುಸಾ’ ಎಂಬ ಹೆಸರಿನ ಹೆಣ್ಣುಮಕ್ಕಳಿದ್ದರು. ಬೇಡವಾದವಳು ಎಂದು ಅರ್ಥ. 2011ರಲ್ಲಿ ಅಲ್ಲಿ 285 ಹುಡುಗಿಯರಿಗೆ ಸಮಾರಂಭ ಮಾಡಿ ಬೇರೆ ಹೆಸರಿಟ್ಟರು. ಆ ಹೆಸರಿಟ್ಟವರು ಯಾವ ಸಾವನ್ನೂ ಏಮಾರಿಸಲು ಹೊರಟಿರಲಿಲ್ಲ, ಮನಸ್ಸಿನಲ್ಲಿದ್ದದ್ದನ್ನೇ ಕೂಗಿ ಕರೆದರು. ಆ ಹುಡುಗಿಯರು ಹೆಸರು ಬದಲಾಯಿಸಿಕೊಂಡದ್ದು ನೂರಕ್ಕೆ ನೂರು ಸರಿ. ನಮ್ಮ ಸಾಕಮ್ಮ, ಸಾಕವ್ವ ಎಂಬ ಹೆಸರುಗಳ ಮುಂದೆ ಮಾತ್ರ ನಾನು ತಡವರಿಸುತ್ತೇನೆ. ಹೆಣ್ಣು ಇನ್ನು ಸಾಕು ಎಂದೋ, ಸಾಕಿ ಬೆಳೆಸಿದವಳು ಎಂದೋ? ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. ನಮ್ಮ ಅಜ್ಜಿಯ ಹೆಸರು ಸಾಕವ್ವ ಎಂಬುದು ನಿನಗೆ ಗೊತ್ತು. ಅವಳನ್ನು ಒಮ್ಮೆ ಕೇಳಿದ್ದೆ. ‘ನನ್ನ ಬೆನ್ನಿಗೆ ಇನ್ನೂ ಮೂವರು ತಂಗಿಯರು ಹುಟ್ಟಿದರು, ನೀನೇ ಲೆಕ್ಕ ಹಾಕು’ ಎಂದು ನಕ್ಕಳು. ಆ ಸಾಕವ್ವನೇ ನಿನ್ನನ್ನು ತಿಪ್ಪೆಯಿಂದ ಎತ್ತಿದವಳು.

ಆದ್ದರಿಂದ ಅಫಿಡವಿಟ್ಟು, ಗೆಜೆಟ್ಟು ಎಂದು ಓಡಾಡುವ ಮೊದಲು ಮಗಳ ಕೈಗೆ ಫೋನು ಕೊಟ್ಟು ಊರಿಗೆ ಮಾಡಿಸು. ಅರ್ಥವನ್ನು ನಿಮ್ಮವ್ವನ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಆ ಹಾಳೆಯಲ್ಲಿ ಬಿಟ್ಟಿರುವ ಜಾಗ ಸಾಲುವುದಿಲ್ಲ, ಇನ್ನೊಂದು ಹಾಳೆ ಅಂಟಿಸಲು ಹೇಳು.

ಹಾಗೆಯೇ ಆ ರಾಗಿಯ ವಿಷಯವನ್ನೂ ಕೇಳಲಿ. ಕೊಟ್ಟದ್ದು ತಲೆಗಟ್ಟಿದ ಸೇರಲ್ಲ, ಕೈಯಿಂದ ಸವರಿ ಮಟ್ಟ ಮಾಡಿದ ಸೇರು, ನನಗೆ ಇನ್ನೂ ಒಂದು ಹಿಡಿ ಬರಬೇಕು ಎಂದು ನಮ್ಮ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ಹಬ್ಬಕ್ಕೆ ಊರಿಗೆ ಬಂದಾಗ ವಸೂಲಿಗೆ ನಾನೇ ಬರುತ್ತೇನೆ, ಮುದ್ದೆ ಮಾಡಿಸಿಟ್ಟಿರು.

ನಿನ್ನ,
ಎದುರುಮನೆಯವನು