ಮುಚ್ಚಳಿಕೆ ಬರೆದುಕೊಡುವುದಿಲ್ಲ

ಕುಂದುಕೊರತೆ ಅಧಿಕಾರಿಗಳಿಗೆ,

ವಿಷಯ: ನಾಲ್ಕು ಪುಸ್ತಕಗಳ ಆರ್ಡರ್ ರದ್ದು, ನನ್ನ ಖಾತೆಗೆ ಬೀಗ ಮತ್ತು ನೀವು ಕೇಳಿರುವ ಕ್ಷಮಾಪಣೆ

ಸ್ವಾಮಿ,

ಮೂರು ಸಲ ಫೋನ್ ಮಾಡಿದೆ. ಎರಡು ಇಮೇಲ್ ಕಳಿಸಿದೆ. ಎರಡಕ್ಕೂ "ನಿಮ್ಮ ಅಭಿಪ್ರಾಯ ನಮಗೆ ಮುಖ್ಯ" ಎಂಬ ಉತ್ತರ ಬಂತು, ಅದೂ ಒಂದೇ ನಿಮಿಷದಲ್ಲಿ. ಇಷ್ಟು ಬೇಗ ಓದುವವರು ಪುಸ್ತಕದ ವ್ಯಾಪಾರದಲ್ಲಿರುವುದು ಸಂತೋಷ. ಇದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಓದಿ.

ಹಾಸನದಲ್ಲಿ ನಾವು ಒಂಬತ್ತು ಹೆಂಗಸರು ಸೇರಿ ತಿಂಗಳಿಗೊಂದು ಪುಸ್ತಕ ಓದುತ್ತೇವೆ. ಈ ಸಲ ಪೆರುಮಾಳ್ ಮುರುಗನ್ ಅವರ ತಮಿಳು ಕಾದಂಬರಿ 'ಮಾದೊರುಬಾಗನ್' ಎಂದು ಗೊತ್ತುಮಾಡಿದ್ದೆವು. ತಮಿಳು ಬರುವುದಿಲ್ಲ, ಅದಕ್ಕೆ ಇಂಗ್ಲಿಷ್ ಅನುವಾದದ ನಾಲ್ಕು ಪ್ರತಿ ನಿಮ್ಮ ಆ್ಯಪ್‌ನಲ್ಲಿ ಹೇಳಿ, ದುಡ್ಡನ್ನೂ ಕಟ್ಟಿದೆ. ಮೂರನೇ ದಿನ ಸಂದೇಶ ಬಂತು: "ನಿಷೇಧಿತ ವಸ್ತು. ಆರ್ಡರ್ ರದ್ದಾಗಿದೆ. ಖಾತೆ ಪರಿಶೀಲನೆಯಲ್ಲಿದೆ." ದುಡ್ಡು ಬ್ಯಾಂಕಿಗೆ ಬರಲಿಲ್ಲ, ನಿಮ್ಮ ವಾಲೆಟ್‌ಗೆ ಹೋಯಿತು. ಖಾತೆಗೆ ಬೀಗ ಬಿದ್ದಿರುವುದರಿಂದ ವಾಲೆಟ್ ತೆರೆಯುವುದಿಲ್ಲ. ಈ ಜಾಣತನ ಯಾರದೋ, ಅವರಿಗೊಂದು ನಮಸ್ಕಾರ.

ಇನ್ನು ಆ ಮೂರನೇ ಫೋನು. ಅವತ್ತು ನನ್ನ ಬೀಗಿತ್ತಿ ಮನೆಗೆ ಬಂದಿದ್ದರು. ನನಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಕೊಂಡೇ ಮಾತಾಡುವುದು. ಹತ್ತೊಂಬತ್ತು ನಿಮಿಷ ನಿಮ್ಮ ಕೊಳಲು ಕೇಳಿದ ಮೇಲೆ ಒಬ್ಬ ಹುಡುಗ ಸಿಕ್ಕ. ಒಳ್ಳೆಯ ಹುಡುಗ, ಅವನ ಮೇಲೆ ಕೋಪವಿಲ್ಲ. ಅವನು ಲೈನನ್ನು ಮೇಲಿನವರಿಗೆ ಕೊಟ್ಟ. ಆ ಮೇಲಿನವರು ಬಾಯಿ ತೆರೆದದ್ದೇ, "ಮೇಡಂ, ಬ್ಯಾನ್ ಆಗಿರೋ ಐಟಂ ತರಿಸೋಕೆ ನೋಡಿದೀರ, ಅಲ್ವಾ?" ಎಂದರು.

ಬೀಗಿತ್ತಿ ಕಾಫಿ ಲೋಟ ಕೆಳಗಿಟ್ಟರು.

"ಅದು ಪುಸ್ತಕ ಕಣಪ್ಪ."

"ಏನೇ ಆಗ್ಲಿ ಮೇಡಂ, ಬ್ಯಾನ್ ಅಂದ್ರೆ ಬ್ಯಾನ್."

"ಯಾರು ಮಾಡಿದ್ದು?"

"ಸಿಸ್ಟಮ್‌ನಲ್ಲಿ ತೋರಿಸ್ತಿದೆ."

"ಸಿಸ್ಟಮ್‌ಗೆ ಯಾರು ಹೇಳಿದ್ದು?"

ಸ್ವಲ್ಪ ಹೊತ್ತು ಕೀಬೋರ್ಡ್ ಕುಟ್ಟುವ ಸದ್ದು. ಆಮೇಲೆ, "ಮನೇಲಿ ಮಕ್ಕಳಿದ್ದಾರಾ ಮೇಡಂ?" ನನಗೆ ಅರವತ್ತಾರು, ಮಗನಿಗೆ ನಲವತ್ತು ಎಂದೆ. "ಈ ವಯಸ್ಸಲ್ಲಿ ಇಂಥದ್ದೆಲ್ಲ ಯಾಕೆ ಮೇಡಂ? ಭಕ್ತಿ ಪುಸ್ತಕಕ್ಕೆ ಇಪ್ಪತ್ತು ಪರ್ಸೆಂಟ್ ಕೂಪನ್ ಕೊಡ್ತೀನಿ." ಮಾದೊರುಬಾಗನ್ ಅಂದರೆ ಅರ್ಧನಾರೀಶ್ವರ ಎಂದು ಹೇಳಲು ಹೋದೆ. ಅಷ್ಟರಲ್ಲಿ ಬೀಗಿತ್ತಿ, ಇನ್ನೊಂದು ದಿನ ಬರ್ತೀನಿ ಎಂದು ಎದ್ದರು. ನಾನು ಏನು ತರಿಸಿದ್ದೆ ಎಂದು ಅವರು ಅಂದುಕೊಂಡಿದ್ದಾರೋ, ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ.

ಕೊನೆಗೆ ನಿಮ್ಮವರು ದಾರಿ ತೋರಿಸಿದರು. "ತಿಳಿಯದೆ ನಿಷೇಧಿತ ವಸ್ತು ತರಿಸಿದೆ, ಕ್ಷಮಿಸಿ, ಇನ್ನು ಮುಂದೆ ತರಿಸುವುದಿಲ್ಲ" ಎಂದು ಕೈಯಲ್ಲಿ ಬರೆದು, ಸಹಿ ಹಾಕಿ, ಫೋಟೊ ಕಳಿಸಬೇಕಂತೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಬೀಗ ತೆಗೆಯುತ್ತಾರಂತೆ.

ಬೇರೆ ಯಾವ ಪುಸ್ತಕಕ್ಕೆ ಇದನ್ನು ಕೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ಈ ಕಾದಂಬರಿ ತಮಿಳಿನಲ್ಲಿ ಬಂದದ್ದು 2010ರಲ್ಲಿ. ನಾಲ್ಕು ವರ್ಷ ತಣ್ಣಗಿತ್ತು. 2014ರ ಕೊನೆಗೆ ತಮಿಳುನಾಡಿನ ತಿರುಚೆಂಗೋಡಿನಲ್ಲಿ ಪ್ರತಿ ಸುಟ್ಟರು, ಜನವರಿ 2015ರಲ್ಲಿ ಬಂದ್ ಮಾಡಿಸಿದರು. ಅದೇ ತಿಂಗಳು ನಾಮಕ್ಕಲ್ ಜಿಲ್ಲೆಯ ಅಧಿಕಾರಿಗಳು 'ಶಾಂತಿ ಸಭೆ' ಕರೆದು, ಬರೆದವರನ್ನು ಕೂರಿಸಿ, ಕ್ಷಮಾಪಣೆಗೆ ಸಹಿ ಹಾಕಿಸಿಕೊಂಡರು. ಲೇಖಕ ಪೆರುಮಾಳ್ ಮುರುಗನ್ ಸತ್ತ ಎಂದು ಅವರೇ ಫೇಸ್‌ಬುಕ್‌ನಲ್ಲಿ ಬರೆದುಕೊಂಡರು. ಜುಲೈ 2016ರಲ್ಲಿ ಮದ್ರಾಸ್ ಹೈಕೋರ್ಟ್, ಆ ಸಹಿ ಅವರನ್ನು ಕಟ್ಟಿಹಾಕುವುದಿಲ್ಲ ಎಂದಿತು. ಇಷ್ಟವಿಲ್ಲದವರು ಓದದಿದ್ದರಾಯಿತು, ಲೇಖಕ ಮತ್ತೆ ಹುಟ್ಟಿ ಬರೆಯಲಿ ಎಂದಿತು. ಬರೆದವರಿಂದ ಹಾಗೆ ಬರೆಸಿಕೊಂಡದ್ದೇ ಕೋರ್ಟಿನಲ್ಲಿ ನಿಲ್ಲಲಿಲ್ಲ. ಈಗ ನೀವು ಓದುವವಳಿಂದ ಬರೆಸಿಕೊಳ್ಳಲು ಹೊರಟಿದ್ದೀರಿ.

ಬ್ಯಾನ್ ಹೇಗಿರುತ್ತದೆ ಎಂದು ಪುಸ್ತಕ ಮಾರುವ ನಿಮಗೆ ನಾನು ಹೇಳಬೇಕಾಗಿಲ್ಲ. ರಾಜ್ಯ ಸರ್ಕಾರ ಒಂದು ಪುಸ್ತಕವನ್ನು ಮುಟ್ಟುಗೋಲು ಹಾಕಬೇಕಾದರೆ ಕಾರಣ ಕೊಟ್ಟು ಅಧಿಸೂಚನೆ ಹೊರಡಿಸಬೇಕು. ಅದರ ವಿರುದ್ಧ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 95ನೇ ಸೆಕ್ಷನ್ನಿನಲ್ಲಿ ಇದ್ದದ್ದು ಈಗ ನಾಗರಿಕ ಸುರಕ್ಷಾ ಸಂಹಿತೆಯ 98ರಲ್ಲಿದೆ. ನಮ್ಮಲ್ಲೇ ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು ಸರ್ಕಾರ ಹೀಗೇ ಮುಟ್ಟುಗೋಲು ಹಾಕಿತು, ಅದು ಸರಿ ಎಂದು 2007ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನನಗೆ ಅದು ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ಅಲ್ಲಿ ಒಂದು ಆದೇಶವಾದರೂ ಇತ್ತು, ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಿ ಜಗಳವಾಡಲು ಆಯಿತು. ನಿಮ್ಮ ಸಿಸ್ಟಮ್ ಜೊತೆ ಎಲ್ಲಿಗೆ ಹೋಗಿ ಜಗಳವಾಡಲಿ?

ಇನ್ನೊಂದು ತಮಾಷೆ. ಬೀಗ ಬಿದ್ದ ಆ್ಯಪ್ ತೆರೆದರೆ, 'ನಿಮಗೆ ಇಷ್ಟವಾಗಬಹುದು' ಎಂದು ಈಗಲೂ ಅದೇ ಪುಸ್ತಕವನ್ನು ತೋರಿಸುತ್ತಿದೆ.

ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂಬ 2020ರ ಇ-ಕಾಮರ್ಸ್ ನಿಯಮ ನಿಮಗೆ ಗೊತ್ತೇ ಇರುತ್ತದೆ. ಮೊದಲ ಇಮೇಲ್ ಕಳಿಸಿ ಹನ್ನೊಂದು ದಿನವಾಯಿತು. ದೂರಿನ ಸಂಖ್ಯೆ ಕೂಡ ಕೊಟ್ಟಿಲ್ಲ.

ಪುಸ್ತಕ ನಿಮ್ಮಿಂದ ಇನ್ನು ಬೇಡ. ಗುಂಪಿನ ಒಬ್ಬರು ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟ್‌ನ ಅಂಗಡಿಯಲ್ಲಿ ಕೊಂಡು ತಂದರು. ಮನೆಯಲ್ಲಿ ಮಕ್ಕಳಿದ್ದಾರಾ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನನ್ನ ದುಡ್ಡು ಬ್ಯಾಂಕಿಗೆ ಬರಲಿ. ನಿಷೇಧದ ಆದೇಶ ಎಲ್ಲಿದೆ, ತೋರಿಸಿ. ಇಲ್ಲದಿದ್ದರೆ ಇಲ್ಲ ಎಂದು ನೀವೇ ಬರೆದು ಸಹಿ ಹಾಕಿ ಕಳಿಸಿ, ಫೋಟೊ ಆದರೂ ನಡೆಯುತ್ತದೆ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ. ಗ್ರಾಹಕರು ಇರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ನಾನು ನಿವೃತ್ತಳು, ಟೈಮ್ ಜಾಸ್ತಿ ಇದೆ. ನಿಮ್ಮ ವಕೀಲರು ಬಸ್ಸೋ ರೈಲೋ ಹಿಡಿದು ಪ್ರತಿ ವಾಯಿದೆಗೂ ಬರಲಿ. ನಿಮಗೆ ಸಹಿ ಬೇಕಿತ್ತಲ್ಲ, ಆ ದೂರಿನ ಕೆಳಗೆ ಒಂಬತ್ತು ಸಹಿ ಇರುತ್ತವೆ.

ಇಂತಿ,
ಬೀಗ ಹಾಕಿದ ಖಾತೆಯ ಗ್ರಾಹಕಿ
ಹಾಸನ